ಮೂವತ್ತನೇ ದಿನ

ಹತ್ತಿ ಗಿರಣಿ ಗ್ವಾಡಿಗೆ ಅಂಟಿಸಿದ ನೋಟೀಸು
ಮೊದಲು ಓದಿದ್ದು ಆಡು. ಕೆಳಗಿನ ಮೂಲಿ ತಿಂದು ಹೋಗಿತ್ತು.
ಉಳಿದದ್ದು ನಾ ಓದಿದೆ, ಓಣಿಗೆಲ್ಲಾ ಕೇಳೂ ಹಂಗ:
ಭೂ ಬಳಕೆ ಬದಲಾವಣೆ. ಕೈಗಾರಿಕೆಯಿಂದ ವಸತಿಗೆ.
ನೆಲ ಮತ್ತು ಒಂಬತ್ತು ಅಂತಸ್ತು. ನೂರಾ ಹನ್ನೆರಡು ಮನಿ.
ತಕರಾರಿದ್ದವರು ಮೂವತ್ತು ದಿನದೊಳಗ...
ಎಲ್ಲಿ ಕೊಡಬೇಕು ಅನ್ನೂದು ಆಡಿನ ಹೊಟ್ಟ್ಯಾಗಿತ್ತು.

ಇಪ್ಪತ್ತಾರು ವರ್ಷ ಕಚೇರಿ ಮುಂದಿನ ಬೇವಿನ ಬುಡಕ
ಅರ್ಜಿ ಬರದ ಕೈ ಇದು.
ವಾರಸಾ, ಉತಾರ, ಹಿಸ್ಸೆ. ಮಂದಿ ಸಿಟ್ಟನ್ನ
‘ಮಾನ್ಯರೇ’ ಅಂತ ಶುರು ಮಾಡಿ
‘ತಮ್ಮ ವಿಶ್ವಾಸಿ’ ಅಂತ ಮುಗಿಸೂದು ನನಗ ಬರತದ.
ಹಿಂಗಾಗಿ ಹಳೇ ಹುಬ್ಬಳ್ಳಿ ನಮ್ಮ ಗರಡಿಮನ್ಯಾಗ
ಸಭಾ ಕೂಡಿದಾಗ ಪೆನ್ನು ತಾನ ನನ್ನ ಕಡೆ ಬಂತು.

ನೂಲ್ವಿ ಮಾಸ್ತರರು ಲೆಕ್ಕಾ ಹಚ್ಚಿದ್ರು:
ಎಂಟು ದಿನಕ್ಕೊಮ್ಮೆ ಬರೂ ನೀರು
ನೂರಾ ಹನ್ನೆರಡು ಮನಿ ಕೂಡಿದ್ರ ಎಷ್ಟು ದಿನಕ್ಕೊಮ್ಮೆ?
ಭಾಗಾಕಾರ ಮುಗಿಯೂದ್ರಾಗ ಮಂದಿ ಒದರಾಕ ಹತ್ತಿದ್ರು.
ಗಟಾರದ ಮಾತು ತಗದವ ಕೊಣ್ಣೂರ ಬಸಣ್ಣೆಪ್ಪ:
‘ಒಂದು ದೊಡ್ಡ ಮಳಿಗೆ ಹೊಸ್ತಿಲಾ ದಾಟತೈತಿ,
ಒಂಬತ್ತು ಅಂತಸ್ತಿನ ಹೊಲಸು ದೇವರ ಜಗಲಿಗೇ ಬರತೈತಿ.’
ಗೂಳವ್ವ ಎದ್ದು ನಿಂತು ಒಂದ ಮಾತು ಕೇಳಿದ್ಲು:
‘ನನ್ನ ಸಂಡಿಗಿ ಒಣಗಸೂ ಬಿಸಿಲು ಯಾರ ಹೆಸರಿಲೆ ಐತಿ?
ಉತಾರದಾಗ ಬರದಾರೇನು?’
ಎಲ್ಲಾರೂ ನಕ್ಕರು. ನಾ ಬರಕೊಂಡೆ,
ಕಲಂ ಮೂರು: ಬಿಸಿಲು.

ನಲವತ್ತೊಂದು ಸಹಿ, ಆರು ಹೆಬ್ಬಟ್ಟು ಆದಮ್ಯಾಲೆ
ಬಾಗಲ ಹಂತ್ಯಾಕ ಕುಂತಿದ್ದ ಹಸೀನಾಬಿ,
ಖಾನಾವಳಿಗೆ ರೊಟ್ಟಿ ಬಡಿದು ಕೊಡಾಕಿ,
ಬೆರಳಿನ ಹಿಟ್ಟು ಒರಸ್ಕೋತ ಅಂದ್ಲು:
‘ಹನ್ನೊಂದು ವರ್ಷದಾಗ ಇದ ಓಣ್ಯಾಗ ಆರು ಮನಿ ಬದಲಿ ಮಾಡೇನಿ.
ಡಿಪಾಜಿಟ್ ಏರಿಸಿದಾಗೊಮ್ಮೆ ಗಂಟು ಕಟ್ಟೇನಿ.
ಅಲ್ಲೆ ನೂರಾ ಹನ್ನೆರಡು ಬಾಗಲಾ ಆಗತಾವು ಅಂತೀರಿ,
ಒಂದರೆ ನನಗ ತೆರದೀತೇನೋ ಅಂತ
ನೋಟೀಸು ಹಚ್ಚಿದ ದಿನದಿಂದ ಖುಷಿಲೆ ಇದ್ದೆ.
ಬ್ಯಾಡ ಅಂತ ಸಹಿ ಹಾಕಿದವರು ಎಲ್ಲಾರೂ
ಮನಿ ಕರ ತುಂಬಿದ ಪಾವತಿ ಇದ್ದವರ ಅಲ್ಲೇನ್ರಿ?’

ಆರನೇ ಮನಿ ನಂದು.
ಮ್ಯಾಲಿನ ಖೋಲಿ. ಪರವಾನಗಿ ಇಲ್ಲದ ಎಬ್ಬಿಸಿದ್ದು,
ಮೆಟ್ಟಲು ಎರಡು ಫೂಟು ಓಣ್ಯಾಗ ಅದ.
ಅದಕ್ಕ ನಾ ಯಾರನ್ನೂ ಕೇಳಲಿಲ್ಲ,
ಮೂವತ್ತು ದಿನ ಹೋಗಲಿ, ಮೂರು ತಾಸೂ ಕೊಡಲಿಲ್ಲ.

ಆ ರಾತ್ರಿ ಬರದೆ, ಹರದೆ, ಮತ್ತ ಬರದೆ.
ಕಟ್ಟಲಿ. ಆದರ ಆರಕ್ಕ ನಿಲ್ಲಲಿ,
ಗೂಳವ್ವನ ಅಂಗಳದ ಕಡೆ ಮೂರಕ್ಕ.
ನೀರಿನ ಟಾಕಿ, ಗಟಾರ ಮೊದಲು, ಗ್ವಾಡಿ ಆಮ್ಯಾಲೆ.
ಇಪ್ಪತ್ತು ಮನಿ ಮಾತ್ರ
ರೊಟ್ಟಿ ಬಡಿಯಾಕಿ ಕೊಡೂವಷ್ಟು ಬಾಡಿಗಿಗೆ.
ಇದಕ್ಕ ಸಹಿ ಕೇಳಾಕ ಹೋದರ
ಬಸಣ್ಣೆಪ್ಪ ಬಾಗಲಾ ಮುಚ್ಚಿದ: ‘ಬಿಲ್ಡರ್ ಎಷ್ಟು ಕೊಟ್ಟ?’
ಮಾಸ್ತರರು ಚಷ್ಮಾ ಸಿಗವಲ್ದು ಅಂದ್ರು,
ಚಷ್ಮಾ ಹಣಿಮ್ಯಾಲೆ ಇತ್ತು.
ಹದಿನೇಳ ಮಂದಿ ಹಾಕಿದ್ರು. ಹದಿನೆಂಟನೇದು
ಶಾಯಿ ಜೋಡಿ ಒಂದೀಟು ಜ್ವಾಳದ ಹಿಟ್ಟೂ ಹತ್ತಿತು.

ಮೂವತ್ತನೇ ದಿನ ನವನಗರ. ಖಿಡಕಿ ಒಳಗಿನಂವ
ಎರಡು ಕಟ್ಟು ಇಟಗೊಂಡು ಕುಂತಿದ್ದ.
‘ಇದು ಬೇಕು ಅಂತೋ, ಬ್ಯಾಡ ಅಂತೋ?’
‘ಹೆಂಗ ಬೇಕು ಅಂತ ಬರದದ್ರೀ.’
ತಿರುಗಿಸಿ ತಿರುಗಿಸಿ ನೋಡಿದ, ಠಸ್ಸೆ ಒತ್ತಿದ,
ಎರಡೂ ಕಟ್ಟಿನ ನಡುವ, ಚಾದ ಕಪ್ಪಿನ ಕೆಳಗ ಇಟ್ಟ.

ಸಂಜಿಗೆ ಓಣಿಗೆ ಬಂದೆ. ಗಿರಣಿ ಗ್ವಾಡಿ ಬೋಳು,
ನೋಟೀಸಿನ ಒಂದು ಚೂರೂ ಉಳಿದಿರಲಿಲ್ಲ.
ಆಡು ನನ್ನ ಮೆಟ್ಟಲ ಮ್ಯಾಲೆ ಮಲಗಿತ್ತು,
ಓಣಿಗೆ ಸೇರಿದ ಆ ಎರಡು ಫೂಟಿನಾಗ,
ಸಾವಕಾಶ ಮೆಲಕು ಹಾಕ್ಕೋತ.