ಸಾಕಾ ಮೇಡಂ?

ಸಾಲಗಾಮೆ ರಸ್ತೆಯ ಸೊಸೈಟಿ ಕಟ್ಟಡದ ಮಹಡಿಯಲ್ಲಿ
ಇಪ್ಪತ್ತೆರಡು ವರ್ಷದಿಂದ, ಬೆಳಗಿನ ಐದೂವರೆಗೆ,
ನಾನೇ ಬೀಗ ತೆಗೆದು ನಾನೇ ಜಮಖಾನ ಹಾಸುತ್ತೇನೆ.
ಹೊಸಬರು ಬಂದಾಗಲೆಲ್ಲ ಅದೇ ಪ್ರಶ್ನೆ:
'ವಾಕಿಂಗು, ಜಿಮ್ಮು ಏನೂ ಬೇಡ್ವಾ? ಇದೊಂದೇ ಸಾಕಾ ಮೇಡಂ?'
'ಸಾಕು' ಅನ್ನುತ್ತಿದ್ದೆ.
ಎರಡೇ ಅಕ್ಷರ. ತಲೆಕೆಳಗಾಗಿ ನಿಂತೂ ಹೇಳಬಲ್ಲೆ.

ಜಬೀವುಲ್ಲಾ ಬಂದದ್ದು ಆಲೂಗೆಡ್ಡೆ ಕಾಲ ಮುಗಿದ ಮೇಲೆ.
ಎಪಿಎಂಸಿ ಯಾರ್ಡಿನ ಹಮಾಲಿ. ಲಾರಿಗಳಿಗೆ
ಮೂವತ್ತು ವರ್ಷ ಬೆನ್ನು ಕೊಟ್ಟವನು
ಅದನ್ನು ವಾಪಸ್ಸು ಕೇಳಲು ಬಂದಂತೆ ಬಾಗಿಲಲ್ಲಿ ನಿಂತ.
ಬಗ್ಗಿ ಕಾಲ್ಬೆರಳು ಮುಟ್ಟಿ ಅಂದರೆ
ಮೊಣಕಾಲಿನವರೆಗೆ ಬಂದು ಕೈ ನಿಂತುಬಿಡುತ್ತದೆ,
ಡೀಸೆಲ್ ಮುಗಿದ ಬಸ್ಸು.
ಎಲ್ಲರೂ ನಕ್ಕರು. ಅವನೂ.
ವಜ್ರಾಸನ ಅಂದೆ.
ಬ್ಯಾಂಕಿನ ಸುಲೋಚನಾ ಅಯ್ಯಯ್ಯೋ ಅಂತ ದಿಂಬು ಹುಡುಕುವಷ್ಟರಲ್ಲಿ
ಅವನು ಕೂತಾಗಿತ್ತು, ನೆಟ್ಟಗೆ, ನಿಶ್ಚಿಂತೆಯಲ್ಲಿ.
'ದಿನಕ್ಕೆ ಐದ್ಸಲ ಹಿಂಗೇ ಕೂರ್ತೀನಲ್ಲ ಮೇಡಂ,
ಇದಕ್ಕೂ ಒಂದು ಹೆಸರೈತೆ ಅಂತ ಗೊತ್ತಿರ್ಲಿಲ್ಲ.'

ಆಮೇಲೆ ಆ ಶಿಬಿರ. ಮಹಾರಾಜ ಪಾರ್ಕಿನ ಹತ್ತಿರ ಶಾಮಿಯಾನ,
ಉಚಿತ ಮೂಳೆ ತಪಾಸಣೆ.
ನಾನು ಹೋದದ್ದು ನಾಲ್ಕು ಜನಕ್ಕೆ ಮಾದರಿಯಾಗಲು.
ಹಿಮ್ಮಡಿಯನ್ನು ಯಂತ್ರದ ಬಾಯಿಗಿಟ್ಟೆ.
ಚೀಟಿ ಬಂತು: ಮೈನಸ್ ಎರಡು ಪಾಯಿಂಟ್ ಮೂರು.
ಆ ಹುಡುಗಿ, ನನ್ನ ಮಗಳ ವಯಸ್ಸಿನವಳು, ಪೆನ್ನು ಕಚ್ಚುತ್ತ
'ಆಂಟಿ, ಭಾರಗೀರ ಎತ್ತುತ್ತೀರಾ?' ಅಂದಳು.
ಎತ್ತುತ್ತೇನೆ, ಅಂದೆ. ನನ್ನನ್ನೇ. ಎರಡು ಅಂಗೈ ಮೇಲೆ.
ಅವಳು ಬರೆದುಕೊಂಡದ್ದು: ಇಲ್ಲ.

ಆ ರಾತ್ರಿ ಒಂದೊಂದೇ ನೆನಪಾಯಿತು.
ಸಿಲಿಂಡರನ್ನು ಉರುಳಿಸಿ ಉರುಳಿಸಿ ಅಡುಗೆಮನೆ ಮುಟ್ಟಿಸಿದ್ದು,
ಹೊಸ ಬಸ್‌ಸ್ಟ್ಯಾಂಡಿನಲ್ಲಿ ಅರಸೀಕೆರೆ ಬಸ್ಸಿಗೆ ಓಡಿ
ಏದುಸಿರು ಬಿಟ್ಟದ್ದು, ಕಂಡಕ್ಟರು ಸೀಟು ಬಿಡಿಸಿಕೊಟ್ಟದ್ದು,
ನಾನು ಪ್ರಾಣಾಯಾಮದಲ್ಲಿರುವವಳಂತೆ ಕಣ್ಣು ಮುಚ್ಚಿದ್ದು.

ಚೀಟಿ ತೋರಿಸಿದ್ದು ಜಬೀವುಲ್ಲಾನಿಗೆ ಮಾತ್ರ.
ಅವನು ತಿರುಗಿಸಿ ಮುರುಗಿಸಿ ನೋಡಿ,
'ಭಾನುವಾರ ಯಾರ್ಡು ಖಾಲಿ ಇರ್ತದೆ, ಬನ್ನಿ' ಅಂದ.

ಹತ್ತು ಕೆಜಿ ಗೆಡ್ಡೆ, ಹಳೇ ಗೋಣಿ, ಬಾಯಿ ಕಟ್ಟಿದ್ದು.
ನಾನು, ಮಗಳ ಟ್ರ್ಯಾಕ್ ಪ್ಯಾಂಟಿನಲ್ಲಿ.
'ಸೊಂಟ ಅಲ್ಲ ಮೇಡಂ, ತೊಡೆ. ಕೂತು ಏಳಿ.
ಎತ್ತೋವಾಗ ಹುಪ್ ಅನ್ನಿ.'
ಮೂಗಿನಿಂದ ಮೆಲ್ಲಗೆ ಬಿಟ್ಟೆ. ಅಭ್ಯಾಸ.
'ಅದಲ್ಲ. ಹುಪ್!'
ಇಷ್ಟು ವರ್ಷ ಓಂಕಾರ ಹೊರಟ ಗಂಟಲಿಗೆ
ಈ ಹುಪ್ಪಿಗೆ ಎಷ್ಟೊಂದು ನಾಚಿಕೆ.
ಟೀ ತಂದ ಹುಡುಗ ನಿಂತು ನೋಡಿದ. ಒಂದು ನಾಯಿಯೂ.
ಹುಪ್.
ಗೋಣಿ ಎದೆಗೆ ಬಂದು ಕೂತಿತು, ಮಣ್ಣು ವಾಸನೆ, ಬೆಚ್ಚಗೆ.
ಇಪ್ಪತ್ತೇಳು ವರ್ಷದ ಹಿಂದೆ ಹೀಗೇ ಒಂದು ಭಾರವನ್ನು
ಯಾರೂ ಕಲಿಸದೆ ಎತ್ತಿಕೊಂಡಿದ್ದೆ,
ದಿನಕ್ಕೆ ಎಷ್ಟು ಸಲವೋ, ಎಣಿಸಿರಲಿಲ್ಲ.

ಈಗ ಅವನ ಬೆರಳು ಕಣಕಾಲು ತಲುಪಿದೆ.
ನನ್ನದು ಹದಿನಾಲ್ಕು ಕೆಜಿ.
ಮೂಳೆ ಇನ್ನೂ ಮೈನಸ್ಸೇ ಇದ್ದೀತು; ಮತ್ತೆ ಹೋಗಿ ಕೇಳಿಲ್ಲ.
ಜಮಖಾನ ಕೊಡವಿದರೆ ಒಣಮಣ್ಣು ಉದುರುತ್ತದೆ,
ನನ್ನದೋ ಅವನದೋ.

ನಿನ್ನೆ ಒಬ್ಬರು, ರಿಟೈರಾದ ಸರ್ವೇಯರು,
ಬಾಗಿಲಲ್ಲೇ ಕೇಳಿದರು: 'ಇದೊಂದೇ ಸಾಕಾ ಮೇಡಂ?'
ಎರಡಕ್ಷರ ಹಲ್ಲಿನವರೆಗೆ ಬಂದು ನಿಂತಿತು.
ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.
'ಯಾತಕ್ಕೆ?' ಅಂದೆ.
ಅವರು ಯೋಚಿಸುತ್ತ ಹಾಗೇ ನಿಂತರು,
ಒಂದು ಕಾಲು ಮೇಲೆ, ಬಿಚ್ಚಿದ ಚಪ್ಪಲಿ ಕೈಯಲ್ಲಿ,
ಒಂಚೂರೂ ಅಲುಗದೆ.