ಗಾರೆಯಿಲ್ಲದ ಗುಡ್ಡ

ಗಂಗಾವತಿಯ ಬಾಡಿಗೆ ಮನೆಯ ತಾರಸಿ ಮೇಲೆ
ಹುಸೇನಬಿ ಒಣಹಾಕಿದ ಶಾವಿಗೆಗೆ ಕಾವಲು ಕೂತು
ನೂರೆಂಬತ್ತು ವರ್ಷದ ಹಿಂದಿನ
ಅಮೆರಿಕದ ಪ್ರಬಂಧಕಾರನೊಬ್ಬನ ಮೇಲೆ
ವಿಮರ್ಶೆ ಬರೆಯುತ್ತಿದ್ದೇನೆ.
ಹನ್ನೆರಡು ಪುಟ ಬೇಕಂತೆ, ಶನಿವಾರದೊಳಗೆ,
ಕೊಪ್ಪಳದ ವಿಚಾರ ಸಂಕಿರಣಕ್ಕೆ.
ಊಟ ಉಂಟು, ಪ್ರಮಾಣಪತ್ರ ಉಂಟು,
ಬಸ್ ಚಾರ್ಜಿಲ್ಲ.

ಮೊದಲ ಆಕ್ಷೇಪ ಹಳೆಯದೇ, ಎಲ್ಲರೂ ಎತ್ತಿದ್ದು:
ಈತನಿಗೆ ಪ್ಯಾರಾ ಕಟ್ಟಲು ಬರುವುದಿಲ್ಲ.
ಒಂದೊಂದು ವಾಕ್ಯವೂ ಪಟ್ಟಕ್ಕೆ ಕೂತ ದೊರೆ,
ಪಕ್ಕದ ವಾಕ್ಯದ ಮುಖ ನೋಡುವುದಿಲ್ಲ.
‘ಆದ್ದರಿಂದ’ ಎಂಬ ಪದ ಬಾಗಿಲು ತಟ್ಟಿದರೆ
ಸಾಲ ಕೇಳಲು ಬಂದ ನೆಂಟನೆಂಬಂತೆ
ಮನೆಯಲ್ಲಿಲ್ಲ ಅನ್ನಿಸುತ್ತಾನೆ.

ಹೀಗೆ ಬರೆದು ತಲೆಯೆತ್ತಿದರೆ
ಎದುರಿಗೆ ಆನೆಗೊಂದಿ ಕಡೆಯ ಗುಡ್ಡ.
ಬಂಡೆ, ಅದರ ಮೇಲೆ ಬಂಡೆ, ಅದರ ತುದಿಗೆ
ಈಗ ಬಿದ್ದೀತು ಅನ್ನುವ ಹಾಗೆ ಇನ್ನೊಂದು.
ಗಾರೆ ಇಲ್ಲ. ಕಟ್ಟಿದವನಿಲ್ಲ.
ನಾನು ಈ ಊರಿಗೆ ಬಂದು ಹನ್ನೊಂದು ವರ್ಷ,
ಒಂದೂ ಬಿದ್ದಿಲ್ಲ.

ಆಕ್ಷೇಪ ಹೊಡೆದುಹಾಕಿದೆ.

ಕೆಳಗೆ ಸವೆದ ಒಳಕಲ್ಲಿಗೆ ಉಳಿ ಹಾಕಲು ಬಂದಿದ್ದ ದುರುಗಪ್ಪ
ನೀರು ಕೇಳುತ್ತ ಮೇಲೆ ಬಂದ.
“ಏನ್ ಬರಿಯಾಕತ್ತೀರಿ ಸರ?”
ಹೇಳಿದೆ: ಒಬ್ಬ ದೊಡ್ಡ ಮನುಷ್ಯ ಇದ್ದ,
ಯಾರಿಗೂ ಆತುಕೊಳ್ಳದೆ ನಿಲ್ಲು ಅಂದವನು.
ದುರುಗಪ್ಪ ಗುಡ್ಡದ ಕಡೆ ನೋಡಿದ,
ಚೊಂಬು ಎತ್ತಿ ಗಟಗಟ ಕುಡಿದ,
“ಮ್ಯಾಲಿನ ಕಲ್ಲಿಗೆ ಹಂಗ ಅನಸತೈತ್ರಿ” ಅಂದು
ಇಳಿದು ಹೋದ.

ಇದನ್ನು ಯಾವ ಅಡಿಟಿಪ್ಪಣಿಗೆ ಹಾಕಲಿ?

ಇಪ್ಪತ್ತೆರಡರಲ್ಲಿ, ಬಳ್ಳಾರಿಯ ಹಾಸ್ಟೆಲಿನಲ್ಲಿ,
ಕರೆಂಟು ಹೋದ ರಾತ್ರಿ ಓದಿದ್ದೆ ಇದನ್ನು.
ಎಳೆದ ಕೆಂಪು ಗೆರೆ ಹಾಳೆ ಹಾಯ್ದು
ಆಚೆ ಪುಟದಲ್ಲೂ ಮೂಡಿದೆ.
ಬೆಳಿಗ್ಗೆ ಎರಡಂಗುಲ ಎತ್ತರವಾಗಿ ಎದ್ದಿದ್ದೆ.

ಹೋದ ವರ್ಷ ಅತಿಥಿ ಉಪನ್ಯಾಸಕರ ಧರಣಿ.
ಮನವಿಯ ಹಾಳೆ ಹಿಡಿದು ಹಂಪಮ್ಮ ಮೇಡಮ್
ಸ್ಟಾಫ್ ರೂಮಿಗೆ ಬಂದರು. ಮೂವತ್ತೊಂದು ಸಹಿ.
ನಾನು ಪೆನ್ನು ತೆಗೆಯಲಿಲ್ಲ.
ಗುಂಪಿನಲ್ಲಿ ಗೋವಿಂದ ನನಗಾಗದು ಅಂದೆ.
ಬಾಯಿ ನನ್ನದು, ಮಾತು ಆ ಕೆಂಪು ಗೆರೆಯದು.
ಆಮೇಲೆ ಸಂಬಳ ಏರಿತು, ನನಗೂ.
ಹೊಸ ಪಟ್ಟಿಯಲ್ಲಿ ಹಂಪಮ್ಮನವರ ಹೆಸರಿರಲಿಲ್ಲ.

ಪುಸ್ತಕ ಮುಚ್ಚಬೇಕೆಂದಿದ್ದೆ.
ಆದರೆ ವಿಮರ್ಶೆಯೂ ಒಂದು ಪಂಚಾಯ್ತಿ,
ಇಲ್ಲದವನ ಪರವಾಗಿಯೂ ಯಾರಾದರೂ ಮಾತಾಡಬೇಕು.
ಒಂದು ಪುಟ ಇದೆ,
ಐದು ವರ್ಷದ ಮಗ ಹೋದ ಮೇಲಿನದು.
ಅಲ್ಲೂ ಆತ ಅಳುವುದಿಲ್ಲ, ದನಿ ಕೂಡ ಎತ್ತುವುದಿಲ್ಲ.
ಆಗ ಅದನ್ನು ಧೈರ್ಯ ಅಂದುಕೊಂಡು ದಾಟಿದ್ದೆ.
ಈಗ ಬೆರಳಿಟ್ಟು ಓದಿದರೆ
ವಾಕ್ಯಗಳು ಮೆಲ್ಲಗೆ ಸರಿದು ಕೂತಿವೆ,
ಒಂದರ ಹೆಗಲು ಇನ್ನೊಂದಕ್ಕೆ ತಾಗಿದೆ,
ಸಾವಿನ ಮನೆಯ ಪಡಸಾಲೆಯಲ್ಲಿ
ಮಾತಿಲ್ಲದೆ ಕೂತವರ ಹಾಗೆ.
ಅವನಿಗೆ ಗೊತ್ತಿತ್ತೋ ಇಲ್ಲವೋ,
ಗದ್ಯಕ್ಕೆ ಗೊತ್ತಿತ್ತು.

ಹೊತ್ತು ಇಳಿದಿದೆ. ಬಂಡೆಗಳ ಸಂದಿಯಲ್ಲಿ
ನೆರಳು ತುಂಬುತ್ತಿದೆ. ಕರಡಿ ಇರುವುದು ಅಲ್ಲೇ ಅಂತೆ,
ಜೇನೂ.
ಮೂರನೇ ಪುಟ ಆ ಸಂದಿಯಿಂದ ಶುರುವಾಗಬೇಕು.
ಹಂಪಮ್ಮನವರ ನಂಬರು ಇನ್ನೂ ಫೋನಿನಲ್ಲಿದೆ.
‘ಆದ್ದರಿಂದ’ ಎಂದು ಬರೆದು
ಪೆನ್ನು ಎತ್ತಿದ್ದೇನೆ.

ಕೆಳಗಿನಿಂದ ಹುಸೇನಬಿ:
“ಸರ, ಕಾಗಿ ಬಂದಾವು ನೋಡ್ರಿ!”