ಎರಡು ಗುಂಡು, ಒಂದು ಗುಂಡಿ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಯ ಮೇಲೆ,
ಪಲ್ಪರ್ ಯಂತ್ರದ ಬಿಡಿಭಾಗ ಮಾರುವ ನಮ್ಮ ಆಫೀಸು.
ಹನ್ನೊಂದು ವರ್ಷದ ಗಿರಾಕಿಗಳೆಲ್ಲ ಇರುವುದು
ಒಂದು ಇಮೇಲಿನ ಹೊಟ್ಟೆಯಲ್ಲಿ:
ಯಾರು ಕೇಳಿದರು, ಯಾರಿಗೆ ದರ ಹೇಳಿದೆವು,
ಯಾರು ‘ನೋಡೋಣ’ ಎಂದು ನೋಡದೇ ಹೋದರು,
ಪ್ರತಿ ಹೆಸರಿಗೂ ಒಂದು ಬಣ್ಣದ ಚೀಟಿ.
ಅಂಟಿಸಿದವಳು ನಾನು, ನಫೀಸಾ.
ಕೆಂಪೆಂದರೆ ತುರ್ತು. ಹಳದಿಯೆಂದರೆ ಬಾಕಿ.
ನೇರಳೆ ಏತಕ್ಕೆಂದು ಈಗ ನನಗೂ ನೆನಪಿಲ್ಲ.

ಮಂಗಳವಾರ ಅದಕ್ಕೆ ಏಜೆಂಟನ್ನು ಜೋಡಿಸಿದೆವು.
ಏಜೆಂಟ್ ಎಂದಕೂಡಲೆ ಮಾಲೀಕ ಉತ್ತಯ್ಯನವರು
‘ಕಮಿಷನ್ ಎಷ್ಟಂತೆ?’ ಎಂದರು.
ಮನುಷ್ಯನಲ್ಲ, ಎಐ, ಎಂದು ತಿಳಿಸಿದ ಮೇಲೆ
‘ಹಾಗಾದರೆ ಟೀ ಖರ್ಚು ಉಳಿಯಿತು.’
ಒಂದು ಉದ್ದನೆಯ ಕೀಲಿ, ಅರ್ಧ ಅಕ್ಷರ ಅರ್ಧ ಅಂಕಿ,
ಅಲ್ಲಿಂದ ನಕಲಿಸಿ ಇಲ್ಲಿಗಂಟಿಸಿದೆ.
ಎರಡು ಸಲ ತಪ್ಪಿತು. ತುದಿಯಲ್ಲೊಂದು ಖಾಲಿ ಜಾಗ
ಸೇರಿಕೊಂಡಿತ್ತು, ಅಕ್ಕಿಯೊಳಗಿನ ಬಿಳಿಕಲ್ಲಿನಂತೆ.
ಮೂರನೆಯ ಸಲಕ್ಕೆ ಅದೇ ಕೇಳಿತು:
ಓದಲೇ? ಚೀಟಿ ಬದಲಿಸಲೇ? ಕಳುಹಿಸಲೇ?
ಮೊದಲೆರಡಕ್ಕೆ ಹೂಂ ಎಂದೆ.
ಮೂರನೆಯದಕ್ಕೆ ಕೈ ಬರಲಿಲ್ಲ.
ಬರೆದಿಡು, ಗುಂಡಿ ನಾನೊತ್ತುತ್ತೇನೆ.

ಬರೆಯಿತು ನೋಡಿ!
ಡಬ್ಬಿಯ ಅಕ್ಕಿರೊಟ್ಟಿ ತಿಂದು ಕೈತೊಳೆದು ಬರುವಷ್ಟರಲ್ಲಿ
ನಲವತ್ತೆರಡು ಪತ್ರ.
ಅಮ್ಮತ್ತಿಯವರಿಗೆ ರಬ್ಬರ್ ಬುಷ್ ಬಂದಿದೆಯೆಂದು,
ಬಾಳೆಲೆಯವರಿಗೆ ಮೂರು ಸಾವಿರ ಬಾಕಿಯೆಂದು, ನೋಯದ ಹಾಗೆ.
ನನ್ನ ಹೆಸರಲ್ಲಿ, ನನಗಿಂತ ಮೆತ್ತಗೆ.
ಇಷ್ಟು ವರ್ಷದಲ್ಲಿ ನಾನು ಯಾರಿಗೂ
‘ನಿಮ್ಮ ಸಮಯಕ್ಕೆ ಕೃತಜ್ಞಳು’ ಎಂದವಳೇ ಅಲ್ಲ.
ಒತ್ತಿದೆ, ಒತ್ತಿದೆ, ಒತ್ತುತ್ತ ಹೋದೆ,
ಕರಿಮೆಣಸಿನ ಗೊಂಚಲು ತುಳಿದು ಕಾಳುದುರಿಸುವವರಂತೆ,
ಕಾಲಡಿ ನೋಡದೆ.

ಇಪ್ಪತ್ತೊಂಬತ್ತನೆಯದು ಬೊಪ್ಪಯ್ಯನವರಿಗೆ.
‘ಹೊಸ ಪಲ್ಪರಿನ ದರಪಟ್ಟಿ ಕಳಿಸಿ ಹದಿನಾಲ್ಕು ದಿನವಾಯಿತು.
ತಮಗೆ ಇನ್ನೂ ಆಸಕ್ತಿ ಇದೆಯೇ?’

ಬೆರಳು ನಿಂತಿತು.

ಭಾನುವಾರ ಬೆಳಗಿನ ಜಾವ, ಪೊನ್ನಂಪೇಟೆ,
ಗದ್ದೆಯಾಚೆ ಕೋವಿಯ ಸದ್ದು.
ಒಂದು.
ಉಮ್ಮ ಹಾಲಿನ ಪಾತ್ರೆ ಹಿಡಿದು ಹಾಗೇ ನಿಂತಳು.
ಒಂದಕ್ಕೇ ನಿಂತರೆ ಗಂಡು ಹುಟ್ಟಿತೆಂದು.
ನಾವು ಆ ಮನೆಯವರಲ್ಲ, ಆ ಒಕ್ಕದವರಲ್ಲ,
ಲೆಕ್ಕ ಮಾತ್ರ ಎಲ್ಲರಿಗೂ ಬರುತ್ತದೆ.
ಎರಡು.
ಪಾತ್ರೆಯನ್ನು ಒಲೆಗಿಟ್ಟು ‘ಯಾರೋ’ ಎಂದಳು.
ಎಂಟು ಗಂಟೆಗೆ ಯಾರೆಂದು ತಿಳಿಯಿತು.

ಆ ಸದ್ದು ಇಮೇಲಿಗೆ ಬಂದಿರಲಿಲ್ಲ.
ನಿಯಮದ ಪುಟ ತೆರೆದು ಬರೆದೆ:
ಎರಡು ಗುಂಡು ಕೇಳಿದರೆ ಮಾದ ಮುಗಿಯುವವರೆಗೆ ಸುಮ್ಮನಿರು.
ಅದು ವಿನಯದಿಂದಲೇ ಕೇಳಿತು,
ಈ ಮಾಹಿತಿ ಯಾವ ಕಾಲಂನಲ್ಲಿ ಸಿಗುತ್ತದೆ?

ನಗು ಬಂತು. ಗೆದ್ದೆನೆಂದೂ ಅನ್ನಿಸಿತು, ಸುಳ್ಳೇಕೆ.
ಅಷ್ಟರಲ್ಲಿ ಕೆಳಗೆ ಇನ್ನೊಂದು ಸಾಲು:
ಇದೇ ಗಿರಾಕಿಯದು ಮತ್ತೊಂದು ಪತ್ರವಿದೆ. ನೇರಳೆ ಚೀಟಿ.
ನೂರ ನಲವತ್ತಮೂರು ದಿನ. ಉತ್ತರ ಹೋಗಿಲ್ಲ.

‘ನಫೀಸಾ, ಹಳೇ ಪಲ್ಪರಿನ ಸದ್ದು ಬದಲಾಗಿದೆ.
ಬೇರಿಂಗೋ ನನ್ನ ಕಿವಿಯೋ ತಿಳಿಯದು.
ಯಾರನ್ನಾದರೂ ಕಳಿಸಮ್ಮ. ಅವಸರವಿಲ್ಲ.’

ನೆನಪಾಯಿತು.
ನೇರಳೆಯೆಂದರೆ ಅವಸರವಿಲ್ಲ ಎಂದವರು.
ಒಟ್ಟು ಹದಿನೇಳು ಜನ.
ಕೂಗಿದವರ ಕೆಲಸ ಮುಗಿಯಲಿ ಎಂದು
ಮೂಲೆಯಲ್ಲಿ ಕೂರಿಸಿದ್ದೆ.

ಹದಿನಾರಕ್ಕೆ ಅದು ಕ್ಷಮೆ ಬರೆಯಿತು, ಬೇರೆ ಬೇರೆಯಾಗಿ.
ಒಂದೊಂದನ್ನೂ ಓದಿ ಒತ್ತಿದೆ, ಕತ್ತಲಾಗುವವರೆಗೆ.

ಮಾದ ಕಳೆದ ಮರುವಾರ
ಮೆಕ್ಯಾನಿಕ್ ಸೆಲ್ವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ.
ಮಗಳು ಶೆಡ್ಡಿನ ಬಾಗಿಲು ತೆರೆದಳು, ಏನೂ ಕೇಳಲಿಲ್ಲ.
ಸೆಲ್ವ ಚಕ್ರ ತಿರುಗಿಸಿ, ಸ್ಪ್ಯಾನರಿನ ತುದಿಗೆ ಕಿವಿ ಕೊಟ್ಟು,
‘ಬೇರಿಂಗೇ’ ಎಂದ.
ಅವರ ಕಿವಿ ಸರಿಯಾಗಿಯೇ ಇತ್ತು.

ಆಫೀಸಿಗೆ ಬಂದು ಅಷ್ಟನ್ನೂ ದಾಖಲಿಸಿದೆ.
ಚೀಟಿಗೆ ಯಾವ ಬಣ್ಣ? ಎಂದಿತು.